ಚಪ್ಪಲಿ ಕಾಯುವವರು

ಏಪ್ರಿಲ್ ಹತ್ತರಂದು ಫಲಿತಾಂಶ ಹೇಳಿ, ಅಂಕಪಟ್ಟಿಗೆ ಸಹಿ ಹಾಕಿಸಿ, ಬೀರುವಿಗೆ ಬೀಗ ಹಾಕಿದೆವೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದೇ ಮಾತು, "ಈ ಸಲ ಎಲ್ಲಿಗೆ ಮೇಡಂ?" ಒಬ್ಬರು ತಿರುಪತಿ ಎನ್ನುತ್ತಾರೆ, ಒಬ್ಬರು ಊಟಿ ಎನ್ನುತ್ತಾರೆ, ಇನ್ನೊಬ್ಬರು "ತೌರಿಗೆ ಹೋಗಿ ಉಪ್ಪಿನಕಾಯಿ ಹಾಕ್ಕೊಂಡು ಬಂದ್ರೆ ಸಾಕಪ್ಪ" ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಅರ್ಧಕ್ಕಿಂತ ಹೆಚ್ಚು ಜನರ ಬಾಯಲ್ಲಿ ಬರುವುದು ಸಮುದ್ರವೇ. ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ನಮ್ಮಲ್ಲಿ ತೆಂಗಿನ ಮರಗಳಿವೆ, ಸಮುದ್ರವಿಲ್ಲ. ಬೇಸಿಗೆಯಲ್ಲಿ ಕೆರೆಯೂ ಇರುವುದಿಲ್ಲ. ನೀರನ್ನು ಕೊಡದಲ್ಲಿ ಅಳೆಯುವ ನಮಗೆ, ಅಳತೆಯೇ ಇಲ್ಲದ ನೀರನ್ನು ಒಮ್ಮೆ ನೋಡಿ ಬರಬೇಕೆಂಬ ಆಸೆ ಸಹಜವಲ್ಲವೇ?

ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರು ಉದ್ದವೆಂದು ನಾನು ವರ್ಷ ವರ್ಷವೂ ಮಕ್ಕಳಿಗೆ ಪಾಠ ಮಾಡುತ್ತ ಬಂದವಳು. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಎಂದು ಭೂಪಟದ ಮೇಲೆ ಕೋಲಿನಿಂದ ತೋರಿಸುತ್ತೇನೆ. ಆದರೆ ಹಾಗೆ ಪಾಠ ಮಾಡುವ ಮುಂಚೆ ನಾನು ಸಮುದ್ರವನ್ನು ಕಂಡಿದ್ದು ಒಂದೇ ಸಲ. ಅದೂ ಹೇಗೆ ಕಂಡೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಈ ಬರಹ ಹುಟ್ಟಿದ್ದು ಅಲ್ಲಿಂದಲೇ.

1995ರ ಮೇ ತಿಂಗಳು. ನನಗೆ ಮದುವೆಯಾಗಿ ಮೂರು ತಿಂಗಳಾಗಿತ್ತು. ಅತ್ತೆ, ಮಾವ, ಇಬ್ಬರು ಮೈದುನಂದಿರು, ನಾದಿನಿ ಎಲ್ಲರೂ ಸೇರಿ ಬಾಡಿಗೆ ವ್ಯಾನಿನಲ್ಲಿ ಕೊಲ್ಲೂರಿಗೆ ಹೊರಟಿದ್ದೆವು. ದರ್ಶನ ಮುಗಿಸಿ ಉಡುಪಿಗೆ ಹೋಗುವ ದಾರಿಯಲ್ಲಿ ಮರವಂತೆ ಸಿಕ್ಕಿತು. ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರ. ನಡುವೆ ರಸ್ತೆ ಮಾತ್ರ. ಎಡಗಡೆಯ ಕಿಟಕಿಯಲ್ಲಿ ನದಿ ಕನ್ನಡಿಯ ಹಾಗೆ ಮಲಗಿತ್ತು, ಬಲಗಡೆ ಕಡಲು ಎದ್ದೆದ್ದು ಬೀಳುತ್ತಿತ್ತು. ಒಂದೇ ಮನೆಯಲ್ಲಿ ಸಾಧು ಸ್ವಭಾವದ ಸೊಸೆಯೂ ಸಿಡುಕು ಸ್ವಭಾವದ ಅತ್ತೆಯೂ ಇದ್ದ ಹಾಗೆ ಎಂದು ನನಗೆ ಅನ್ನಿಸಿತು. ಹೇಳುವ ಧೈರ್ಯವಿರಲಿಲ್ಲ!

ವ್ಯಾನು ನಿಂತದ್ದೇ ತಡ, ಗಂಡಸರೆಲ್ಲ ಪ್ಯಾಂಟು ಮಡಿಸಿಕೊಂಡು ಓಡಿದರು. ನನಗೂ ಕಾಲು ತುರಿಸುತ್ತಿತ್ತು. ಅಷ್ಟರಲ್ಲಿ ನಮ್ಮ ಮನೆಯವರು ತಮ್ಮ ಚಪ್ಪಲಿ, ವಾಚು, ಪರ್ಸು ತಂದು ನನ್ನ ಮುಂದಿಟ್ಟರು. "ಸ್ವಲ್ಪ ನೋಡ್ಕೋತಿರು, ಬಂದ್ಬಿಟ್ಟೆ." ಮೈದುನಂದಿರೂ ಇಟ್ಟರು. ನಾದಿನಿ ತನ್ನ ಬಳೆ ಬಿಚ್ಚಿಕೊಟ್ಟು ಅಣ್ಣಂದಿರ ಹಿಂದೆ ಓಡಿದಳು. ಮಗಳಿಗಿದ್ದ ಸಲಿಗೆ ಸೊಸೆಗೆಲ್ಲಿ? ಆರು ಜೊತೆ ಚಪ್ಪಲಿಯ ನಡುವೆ ಹೊಸ ಸೀರೆ ಉಟ್ಟು ನಾನು ಮರಳ ಮೇಲೆ ಕುಳಿತೆ. ಪಕ್ಕದಲ್ಲಿ ಅತ್ತೆ ಕುಳಿತಿದ್ದರು. ಒಂದು ಗಂಟೆಯ ಹೊತ್ತು. ಚಿತ್ರಾನ್ನದ ಡಬ್ಬಿಗೆ ಕಾಗೆ ಬರದಂತೆ ನೋಡಿಕೊಂಡೆ, ಪರ್ಸಿನ ಮೇಲೆ ಕೈಯಿಟ್ಟುಕೊಂಡೆ. ಎಲ್ಲರೂ ಒದ್ದೆಯಾಗಿ ನಗುತ್ತ ಬಂದು "ಎಷ್ಟು ಚೆನ್ನಾಗಿತ್ತು!" ಎಂದರು. ನಾನೂ "ಹೌದು, ಚೆನ್ನಾಗಿತ್ತು" ಎಂದೆ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆ ನನಗೆ ಅಂದು ಚೆನ್ನಾಗಿ ಅರ್ಥವಾಯಿತು.

ಯಾರೂ ನನ್ನನ್ನು ತಡೆದಿರಲಿಲ್ಲ ಎಂಬುದನ್ನು ಗಮನಿಸಿ. "ನೀನು ನೀರಿಗಿಳಿಯಬೇಡ" ಎಂದು ಯಾರೂ ಹೇಳಲಿಲ್ಲ. ಚಪ್ಪಲಿಗಳನ್ನು ಇಟ್ಟರು, ಅಷ್ಟೆ. ಬೇಲಿ ಹಾಕುವುದಕ್ಕೆ ಮುಳ್ಳೇ ಬೇಕೆಂದೇನೂ ಇಲ್ಲ, ಆರು ಜೊತೆ ಚಪ್ಪಲಿ ಸಾಕು.

ಆಮೇಲೆ ನಾನು ಹೋದ ಪ್ರತಿಯೊಂದು ಕಡಲ ದಂಡೆಯಲ್ಲೂ ನನ್ನ ಕಣ್ಣು ಮೊದಲು ಹುಡುಕುವುದು ಆ ಹೆಂಗಸನ್ನು. ಮಲ್ಪೆಯಲ್ಲಿ ಇರುತ್ತಾಳೆ, ಪಣಂಬೂರಿನಲ್ಲಿ ಇರುತ್ತಾಳೆ, ಉಳ್ಳಾಲದ ಸೋಮೇಶ್ವರದ ಬಂಡೆಗಳ ಹತ್ತಿರವೂ ಇರುತ್ತಾಳೆ. ಸುತ್ತ ಚಪ್ಪಲಿ, ಬ್ಯಾಗು, ನೀರಿನ ಬಾಟಲು, ಈಗೀಗ ನಾಲ್ಕಾರು ಮೊಬೈಲು. ಮಡಿಲಲ್ಲಿ ಯಾರದೋ ಮಗು. ಸೆರಗನ್ನು ತಲೆಗೆ ಹೊದ್ದು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಎಲ್ಲರನ್ನೂ ಲೆಕ್ಕ ಹಾಕುತ್ತಿರುತ್ತಾಳೆ. ನೀವೂ ಒಮ್ಮೆಯಾದರೂ ಅವಳಾಗಿರುತ್ತೀರಿ. ಇಲ್ಲವಾದರೆ ನಿಮ್ಮ ಚಪ್ಪಲಿಯನ್ನು ಅವಳ ಮುಂದೆ ಬಿಟ್ಟಿರುತ್ತೀರಿ.

ಇದರಲ್ಲಿ ನೈತಿಕ ಪ್ರಶ್ನೆ ಏನು ಬಂತು ಎಂದು ಕೇಳಬಹುದು. ಯಾರಾದರೂ ಒಬ್ಬರು ಸಾಮಾನು ಕಾಯಲೇಬೇಕಲ್ಲ? ನಿಜ. ತನ್ನ ಸಂತೋಷವನ್ನು ಬಿಟ್ಟು ಇನ್ನೊಬ್ಬರ ಸಂತೋಷಕ್ಕೆ ಕಾವಲಿರುವುದು ದೊಡ್ಡ ಗುಣ ಎಂದು ನಾನೇ ತರಗತಿಯಲ್ಲಿ ಹೇಳಿದ್ದೇನೆ. ತ್ಯಾಗ ಎಂಬ ಪದಕ್ಕೆ ಸ್ವಂತ ವಾಕ್ಯ ಬರೆಯಿರಿ ಎಂದರೆ ಮಕ್ಕಳೆಲ್ಲ ತಾಯಿಯ ಮೇಲೆಯೇ ಬರೆಯುತ್ತಾರೆ. ಆದರೆ ಯಾವಾಗಲೂ ಒಬ್ಬಳೇ ಮಾಡುವ ತ್ಯಾಗ, ಯಾರೂ ಕೇಳದೆ ಅವಳೂ ಯೋಚಿಸದೆ ಮಾಡುವ ತ್ಯಾಗ, ಅದು ತ್ಯಾಗವೋ ಬರೀ ರೂಢಿಯೋ? ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಹೀಗೆ ಕಾದು ಕಾದು ಅಭ್ಯಾಸವಾದವಳು ಮುಂದಿನವರಿಗೆ ಏನನ್ನು ಕಲಿಸುತ್ತಾಳೆ? ಈ ಪ್ರಶ್ನೆಗೆ ಉತ್ತರ ನನಗೆ ನನ್ನ ತಪ್ಪಿನಿಂದಲೇ ಸಿಕ್ಕಿತು.

2011ರ ಡಿಸೆಂಬರು. ಶಾಲೆಯ ಪ್ರವಾಸಕ್ಕೆ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಹೆಣ್ಣುಮಕ್ಕಳ ಜವಾಬ್ದಾರಿ ನನ್ನದು. ಮೂರನೆಯ ದಿನ ಸಂಜೆ ಕಡಲ ತೀರ ತಲುಪಿದೆವು. ಊರಿನ ಹೆಸರು ಬೇಡ. ಬಸ್ಸಿನಲ್ಲಿಯೇ ಎದ್ದು ನಿಂತು ನಾನು ಆಜ್ಞೆ ಹೊರಡಿಸಿದೆ: "ಹುಡುಗರು ಮೊಣಕಾಲವರೆಗೆ ಇಳಿಯಬಹುದು. ಹುಡುಗಿಯರು ನೀರಿಗೆ ಹೋಗಕೂಡದು. ದಂಡೆಯಲ್ಲಿ ನಿಂತು ನೋಡಿ." ಹುಡುಗಿಯರ ಮುಖ ಬಾಡಿತು, ಆದರೆ ಯಾರೂ ಎದುರಾಡಲಿಲ್ಲ. ಹುಡುಗರು ಹೋ ಎಂದು ಓಡಿದರು. ಓಡುವ ಮುಂಚೆ ತಮ್ಮ ಚಪ್ಪಲಿ, ಬ್ಯಾಗುಗಳನ್ನು ಎಲ್ಲಿ ಇಟ್ಟರು ಎಂದು ಹೇಳಬೇಕೆ?

ಹತ್ತನೆಯ ತರಗತಿಯ ಒಬ್ಬ ಹುಡುಗಿ ನನ್ನ ಪಕ್ಕಕ್ಕೆ ಬಂದು ನಿಂತಳು. ಮಾತು ಕಡಿಮೆಯ ಹುಡುಗಿ. ಕೈಯಲ್ಲಿ ಸಹಪಾಠಿಯೊಬ್ಬನ ಚಪ್ಪಲಿ ಹಿಡಿದಿದ್ದಳು. "ಟೀಚರ್, ನಾವ್ಯಾಕೆ ಇಳೀಬಾರದು?" ಎಂದಳು. "ಅಪಾಯ ಕಣಮ್ಮ, ಅಲೆ ಜೋರಾಗಿದೆ" ಎಂದೆ. ಅವಳು ಒಂದು ಕ್ಷಣ ಸುಮ್ಮನಿದ್ದು, "ಹುಡುಗರದ್ದು ಜೀವ ಅಲ್ವಾ ಟೀಚರ್?" ಎಂದು ಕೇಳಿದಳು. ಉದ್ಧಟತನವಿರಲಿಲ್ಲ. ಗಣಿತದ ಲೆಕ್ಕ ಹೊಂದದಿದ್ದಾಗ ಕೇಳುತ್ತಾರಲ್ಲ, ಹಾಗೆ ಕೇಳಿದಳು. ನಾನು "ಹೆಚ್ಚಿಗೆ ಮಾತಾಡ್ಬೇಡ, ಸುಮ್ನೆ ನಿಂತ್ಕೋ" ಎಂದು ಗದರಿದೆ. ಉತ್ತರವಿಲ್ಲದ ಮೇಷ್ಟರಿಗೆ ಗದರಿಕೆಯೇ ಉತ್ತರ.

ಹತ್ತು ನಿಮಿಷವೂ ಆಗಿರಲಿಲ್ಲ. ಹುಡುಗರ ಗುಂಪಿನಲ್ಲಿ ಕೂಗು ಎದ್ದಿತು. ಒಬ್ಬ ಹುಡುಗ ಉಳಿದವರಿಂದ ದೂರ ಸರಿದಿದ್ದ. ತಲೆ ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ, ಮತ್ತೆ ಕಂಡಿತು. ನನ್ನ ಕಾಲು ನೆಲಕ್ಕೆ ನೆಟ್ಟುಹೋಯಿತು. ದೋಣಿಯ ನೆರಳಿನಲ್ಲಿ ಕುಳಿತು ಬಲೆ ಸರಿಮಾಡುತ್ತಿದ್ದ ಇಬ್ಬರು ಓಡಿಬಂದು ನೀರಿಗೆ ಬಿದ್ದರು. ಒಬ್ಬರು ಹುಡುಗನ ಅಂಗಿಯ ಕಾಲರನ್ನು ಹಿಡಿದು ಎಳೆದು ತಂದರು. ಹುಡುಗ ನೀರು ಕಕ್ಕಿದ, ಅತ್ತ, ಬದುಕಿದ. ಎಳೆದು ತಂದವರು ವಯಸ್ಸಾದವರು. ಏದುಸಿರು ಬಿಡುತ್ತ ನನ್ನ ಕಡೆ ನೋಡಿ, "ಎಂತ ಟೀಚರ್ರೆ, ಅಲೆ ಇಲ್ದಿದ್ದ ಜಾಗ ಕಂಡು ಮಕ್ಕಳನ್ನ ಬಿಡೂದಾ? ಅಲ್ಲೇ ಎಳೂದು ಮಾರಾಯ್ರೆ!" ಎಂದರು.

ಆ ಮಾತಿನ ಅರ್ಥ ನನಗೆ ಆಮೇಲೆ ತಿಳಿಯಿತು. ನಿಮಗೂ ಉಪಯೋಗಕ್ಕೆ ಬರಬಹುದೆಂದು ಹೇಳುತ್ತೇನೆ. ಅಲೆಗಳು ದಂಡೆಗೆ ತಂದು ಸುರಿದ ನೀರು ಎಲ್ಲಿಂದಲಾದರೂ ಹಿಂದಕ್ಕೆ ಹೋಗಲೇಬೇಕಲ್ಲ? ಅದು ಮರಳಿನ ನಡುವಿನ ತಗ್ಗಿನಲ್ಲಿ ಕಿರಿದಾದ ಹೊಳೆಯಂತೆ ಜೋರಾಗಿ ಒಳಕ್ಕೆ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಹೆಚ್ಚಾಗಿ ಒಡೆಯುವುದಿಲ್ಲ. ಆದ್ದರಿಂದ ನೋಡುವವರಿಗೆ ಅದೇ ಶಾಂತವಾದ ಜಾಗವೆಂದು ಕಾಣುತ್ತದೆ. ಗೊತ್ತಿಲ್ಲದವರು ಅಲೆಗೆ ಹೆದರಿ ಅಲ್ಲಿಗೇ ಹೋಗುತ್ತಾರೆ. ಸಿಕ್ಕಿಕೊಂಡವರು ದಂಡೆಯ ಕಡೆಗೇ ಈಜಲು ಹೋಗಿ ಸೋತುಬಿಡುತ್ತಾರೆ. ಹಾಗೆ ಎದುರು ಹೋಗದೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತದಿಂದ ಹೊರಬಂದ ಮೇಲೆ ದಂಡೆಯತ್ತ ತಿರುಗಬೇಕು. ಕಡಲ ಜೊತೆ ಬದುಕುವವರಿಗೆ ಇದು ಗೊತ್ತು. ಭೂಪಟದಲ್ಲಿ ಕಡಲನ್ನು ತೋರಿಸುವ ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ಛತ್ರದಲ್ಲಿ ಮಕ್ಕಳೆಲ್ಲ ಮಲಗಿದ ಮೇಲೆ ನನಗೆ ನಿದ್ರೆ ಬರಲಿಲ್ಲ. ಹುಡುಗನಿಗೆ ಏನಾದರೂ ಆಗಿದ್ದರೆ ಎಂಬ ನಡುಕ ಒಂದು ಕಡೆ. ಇನ್ನೊಂದು ಕಡೆ ಆ ಹುಡುಗಿಯ ಪ್ರಶ್ನೆ. ಅಪಾಯವಿದ್ದರೆ ಎಲ್ಲರಿಗೂ ಇತ್ತು. ಇಲ್ಲವಾದರೆ ಯಾರಿಗೂ ಇರಲಿಲ್ಲ. ಅಪಾಯವೆಂದು ಗೊತ್ತಿದ್ದೂ ಹುಡುಗರನ್ನು ಬಿಟ್ಟೆನೆಂದರೆ ಅವರ ಜೀವವನ್ನು ನಾನು ಹಗುರವಾಗಿ ಕಂಡೆ. ಅಪಾಯವಿಲ್ಲವೆಂದು ಬಿಟ್ಟೆನೆಂದರೆ ಹುಡುಗಿಯರಿಗೆ ಸುಳ್ಳು ಹೇಳಿದೆ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ನಾನು ಫೇಲು.

ನಿಜ ಹೇಳಬೇಕೆಂದರೆ, ಹುಡುಗಿಯರ ವಿಷಯದಲ್ಲಿ ನಾನು ಹೆದರಿದ್ದು ಅಲೆಗಲ್ಲ, ಒದ್ದೆ ಬಟ್ಟೆಗೆ. ಒದ್ದೆ ಚೂಡಿದಾರದಲ್ಲಿ ನಿಂತ ಹುಡುಗಿಯರನ್ನು ದಂಡೆಯಲ್ಲಿದ್ದವರು ನೋಡುತ್ತಾರೆ. ಬಟ್ಟೆ ಬದಲಾಯಿಸಲು ಜಾಗವಿಲ್ಲ. ಊರಿಗೆ ಹೋದ ಮೇಲೆ ಯಾರಾದರೂ ತಂದೆತಾಯಿ "ನಮ್ಮ ಹುಡುಗೀನ ನೀರಲ್ಲಿ ಕುಣಿಸಿದರಂತೆ" ಎಂದು ಬಂದರೆ ಉತ್ತರ ಹೇಳಬೇಕಾದವಳು ನಾನು. ಈ ಎಲ್ಲ ಹೆದರಿಕೆಗೂ ಸೇರಿಸಿ "ಅಪಾಯ" ಎಂದು ಒಂದು ಮರ್ಯಾದೆಯ ಹೆಸರಿಟ್ಟೆ. ಕಾಳಜಿ ಮತ್ತು ಭಯ ಎರಡೂ ಹೊರಗಿನಿಂದ ನೋಡಲು ಒಂದೇ ಥರ ಇರುತ್ತವೆ. ಎರಡೂ "ಬೇಡ" ಎನ್ನುತ್ತವೆ. ಆದರೆ ಕಾಳಜಿ ಎದುರಿಗಿರುವ ಮಗುವನ್ನು ನೋಡುತ್ತದೆ. ಭಯ ತನ್ನ ಹೆಸರನ್ನು ನೋಡಿಕೊಳ್ಳುತ್ತದೆ. ಅಂದು ನಾನು ಹುಡುಗಿಯರನ್ನು ಕಾದದ್ದು ಭಯದಿಂದ. ಹುಡುಗರಿಗೆ ಸಿಗಬೇಕಾಗಿದ್ದ ಕಾಳಜಿಯೂ ನನ್ನಲ್ಲಿ ಉಳಿದಿರಲಿಲ್ಲ.

ಹದಿಮೂರು ವರ್ಷ ಕಳೆಯಿತು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದ ಸುದ್ದಿ ಓದಿದಾಗ ಕೈಯಲ್ಲಿದ್ದ ಕಾಫಿ ತಣ್ಣಗಾಯಿತು. ಎಲ್ಲ ನಮ್ಮ ಶಾಲೆಯ ಹುಡುಗಿಯರ ವಯಸ್ಸಿನವರೇ. ಆ ಘಟನೆಯ ಬಗ್ಗೆ ತೀರ್ಪು ಹೇಳಲು ನಾನು ಯಾರು? ಇದ್ದದ್ದನ್ನು ಮಾತ್ರ ಹೇಳುತ್ತೇನೆ. ಆ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು, "ಅದಕ್ಕೇ ಹೇಳೋದು, ಹೆಣ್ಣುಮಕ್ಕಳನ್ನ ನೀರಿಗೆ ಬಿಡಬಾರದು" ಎಂದರು. ನನ್ನೊಳಗೂ ಒಂದು ದನಿ, "ನೋಡಿದೆಯಾ, ಅಂದು ನೀನು ಮಾಡಿದ್ದೇ ಸರಿ" ಎಂದಿತು. ಆ ದನಿಯಲ್ಲಿ ಸಮಾಧಾನವಿತ್ತು. ನಾಲ್ಕು ಮನೆಯ ದುಃಖದಲ್ಲಿ ನನ್ನ ಹಳೆಯ ತಪ್ಪಿಗೆ ಸಮರ್ಥನೆ ಹುಡುಕುತ್ತಿದ್ದೇನೆ ಎಂದು ಹೊಳೆದಾಗ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಆ ಮಕ್ಕಳು ಬಯಸಿದ್ದರಲ್ಲಿ ತಪ್ಪೇನಿತ್ತು? ಬಯಲುಸೀಮೆಯ ಮಕ್ಕಳು ಕಡಲನ್ನು ಮುಟ್ಟಲು ಬಯಸಿದರು, ಅಷ್ಟೆ. ಮುಟ್ಟಬೇಡ ಎನ್ನುವುದು ಸುಲಭ. ಎಲ್ಲಿ, ಯಾವಾಗ, ಯಾರ ಕಾವಲಿನಲ್ಲಿ ಮುಟ್ಟಬಹುದು ಎಂದು ಕಂಡುಹಿಡಿದು ಕೈಹಿಡಿದು ಕರೆದುಕೊಂಡು ಹೋಗುವುದು ಕಷ್ಟ. ನಾವು ಹಿರಿಯರು ಬಹಳ ಸಲ ಸುಲಭವಾದದ್ದನ್ನು ಮಾಡಿ ಅದಕ್ಕೆ ಜವಾಬ್ದಾರಿ ಎಂದು ಹೆಸರಿಡುತ್ತೇವೆ.

ಇದನ್ನೆಲ್ಲ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಮನೆಯಲ್ಲಿ ಹೇಳಿದೆ. ನಮ್ಮ ಮನೆಯವರು ಮರವಂತೆಯ ಚಪ್ಪಲಿಯ ಕಥೆ ಕೇಳಿ, "ಅಯ್ಯೋ, ನನಗೆ ನೆನಪೇ ಇಲ್ವಲ್ಲೇ!" ಎಂದರು. ಅವರಿಗೆ ನೆನಪಿರಲು ಕಾರಣವೂ ಇರಲಿಲ್ಲ. ಕೆಲಸಕ್ಕೆ ಸೇರಿರುವ ನಮ್ಮ ಮಗಳು ಮಾತ್ರ, "ಈ ಏಪ್ರಿಲ್‌ನಲ್ಲಿ ಎಲ್ಲರೂ ಸಮುದ್ರಕ್ಕೆ ಹೋಗೋಣ. ಚಪ್ಪಲಿ ಕಾಯೋದಕ್ಕೆ ಪಾಳಿ ಹಾಕೋಣ. ಮೊದಲನೇ ಪಾಳಿ ಅಪ್ಪಂದು" ಎಂದು ತೀರ್ಮಾನ ಕೊಟ್ಟಳು.

ಹಾಗೆ 2025ರ ಏಪ್ರಿಲಿನಲ್ಲಿ ನಾವು ಐದು ಜನ, ಎಪ್ಪತ್ತೊಂಬತ್ತರ ಅತ್ತೆಯೂ ಸೇರಿ, ಶಿವಮೊಗ್ಗ, ಸಾಗರದ ದಾರಿಯಲ್ಲಿ ಘಟ್ಟ ಇಳಿದು ಹೊನ್ನಾವರ ತಲುಪಿದೆವು. ಅಲ್ಲಿಂದ ಮೊದಲು ಉತ್ತರಕ್ಕೆ ಕಾರವಾರಕ್ಕೆ ಹೋಗಿ, ಆಮೇಲೆ ದಂಡೆಯನ್ನೇ ಹಿಡಿದು ದಕ್ಷಿಣಕ್ಕೆ ಬರುವುದೆಂದು ಯೋಜನೆ. ಬೇಸಿಗೆಯಲ್ಲಿ ಹೋಗುವವರಿಗೆ ಒಂದು ಮಾತು: ಕರಾವಳಿಯ ಸೆಕೆ ನಮ್ಮ ಕಡೆಯ ಒಣ ಬಿಸಿಲಿನಂತಲ್ಲ, ಮೈ ಹಿಂಡಿಬಿಡುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ನಂತರ ದಂಡೆಗೆ ಹೋಗಿ. ಮೇ ತಿಂಗಳು ಮುಗಿಯುತ್ತ ಬಂದಂತೆ ಕಡಲು ಕೆರಳಲು ತೊಡಗುತ್ತದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನೇ ನಿಲ್ಲಿಸುತ್ತಾರೆ. ಆದ್ದರಿಂದ ಏಪ್ರಿಲ್ಲೇ ಮೇಲು.

ಕಾರವಾರದ ದಂಡೆಗೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದಲ್ಲಿ, ಯುವಕ ರವೀಂದ್ರರು ಬಂದು ಉಳಿದಿದ್ದರು. ಕಾಳಿ ನದಿಯಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ' ಎಂಬ ನಾಟಕವನ್ನು ಬರೆದದ್ದೂ ಅಲ್ಲಿಯೇ. ಲೋಕದ ಬಂಧನವನ್ನೆಲ್ಲ ಕಡಿದುಕೊಂಡು ಗೆದ್ದೆನೆಂದು ತಿಳಿದ ಸಂನ್ಯಾಸಿಯನ್ನು ಒಬ್ಬ ಪುಟ್ಟ ಹುಡುಗಿ ತನ್ನ ಪ್ರೀತಿಯಿಂದ ಮತ್ತೆ ಲೋಕದೊಳಕ್ಕೆ ತರುವ ಕಥೆ ಅದು. ಕಡಲ ಎದುರು ಕುಳಿತವನಿಗೆ ಬಿಡುವುದು ದೊಡ್ಡದೆಂದು ತೋರಲಿಲ್ಲ, ಒಳಗೊಳ್ಳುವುದು ದೊಡ್ಡದೆಂದು ತೋರಿತು. ಅಲ್ಲಿ ನಿಂತಾಗ ನನಗೆ ನನ್ನ ಹುಡುಗಿಯ ನೆನಪಾಯಿತು. ನನ್ನನ್ನೂ ಎಳೆದದ್ದು ಒಬ್ಬ ಹುಡುಗಿಯೇ ತಾನೆ?

ಗೋಕರ್ಣದಲ್ಲಿ ದೇವರ ದರ್ಶನ ಮುಗಿಸಿ, ಹಾಲಕ್ಕಿ ಹೆಂಗಸರಿಂದ ಸೊಪ್ಪು ತರಕಾರಿಯ ಬೆಲೆ ಕೇಳಿ, ಕುಡ್ಲೆ ನೋಡಿಕೊಂಡು ಓಂ ಕಡಲ ತೀರಕ್ಕೆ ಹೋದೆವು. ಎರಡು ಅರ್ಧಚಂದ್ರ ಸೇರಿ ಓಂಕಾರದ ಆಕಾರವಾಗಿರುವುದು ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ಕೆಳಗೆ ನಮ್ಮ ಮನೆಯವರ ಪಾಳಿ ಶುರುವಾಯಿತು. ಅವರು ಚಪ್ಪಲಿಗಳನ್ನು ಸಾಲಾಗಿ ಜೋಡಿಸಿ, ಪೊಲೀಸ್ ಠಾಣೆಯ ಮುಂದೆ ನಿಂತವರಂತೆ ನಿಂತರು. ಕಾಲು ಗಂಟೆಗೊಮ್ಮೆ "ಆಯ್ತಾ?" ಎಂದು ಕೂಗುವರು. ಕೊನೆಗೆ, "ಇದು ಭಾಳ ಬೇಜಾರಿನ ಕೆಲಸ ಕಣೆ" ಎಂದರು. ಮೂವತ್ತು ವರ್ಷಕ್ಕೆ ಬಂದ ಆ ಒಂದು ವಾಕ್ಯಕ್ಕೆ ನಾನು ಮನಸ್ಸಿನಲ್ಲೇ ನೂರಕ್ಕೆ ನೂರು ಕೊಟ್ಟೆ!

ಗೋಕರ್ಣದಿಂದ ಕುಮಟೆಯ ಕಡೆಗೆ ಬರುವಾಗ ಅಘನಾಶಿನಿಯನ್ನು ದಾಟಬೇಕು. ನೀರಿಳಿತದ ಹೊತ್ತು. ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚು ಆಯುತ್ತಿದ್ದರು. ಮಗಳು ಕಾರು ನಿಲ್ಲಿಸಿ ನೋಡಿದಳು. ಒದ್ದೆ ಬಟ್ಟೆಯ ಚಿಂತೆ ಅವರಿಗಿರಲಿಲ್ಲ. ಹೊಟ್ಟೆಪಾಡಿಗೆ ನೀರಿಗಿಳಿದ ಹೆಂಗಸಿಗೆ ಯಾರೂ ಬೇಡ ಎನ್ನುವುದಿಲ್ಲ. ಸಂತೋಷಕ್ಕೆ ಇಳಿಯುವವಳಿಗೆ ಮಾತ್ರ ಕಾರಣ ಕೇಳುತ್ತಾರೆ. ಹೆಣ್ಣಿನ ದುಡಿಮೆಗೆ ಬೇಡದ ಅಪ್ಪಣೆ ಅವಳ ನಲಿವಿಗೆ ಏಕೆ ಬೇಕು ಎಂಬುದನ್ನು ನೀವೂ ಯೋಚಿಸಿ.

ಹೊನ್ನಾವರದ ಶರಾವತಿ ಸೇತುವೆ ದಾಟಿದರೆ ಕಾಸರಕೋಡು. ಈ ದಂಡೆಗೂ ಪಡುಬಿದ್ರಿಯ ದಂಡೆಗೂ 2020ರಲ್ಲಿ ಬ್ಲೂ ಫ್ಲಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನೀರಿನ ಸ್ವಚ್ಛತೆ, ಜೀವರಕ್ಷಕರು, ಶೌಚಾಲಯ ಇವೆಲ್ಲ ಇದ್ದರೆ ಕೊಡುವ ಮಾನ್ಯತೆ ಅದು. ಈಜುವ ಜಾಗಕ್ಕೆ ಗುರುತು ಹಾಕಿದ್ದರು, ಸಿಳ್ಳೆ ಹಿಡಿದ ಕಾವಲಿನವರಿದ್ದರು. ಎಲ್ಲಕ್ಕಿಂತ ನನ್ನ ಕಣ್ಣಿಗೆ ಬಿದ್ದದ್ದು ಬಟ್ಟೆ ಬದಲಾಯಿಸುವ ಕೋಣೆ. ನಾಲ್ಕು ಗೋಡೆ, ಒಂದು ಬಾಗಿಲು, ಒಳಗಿನಿಂದ ಒಂದು ಚಿಲಕ. ಹದಿಮೂರು ವರ್ಷದಿಂದ ನಾನು ಹೊತ್ತುಕೊಂಡಿದ್ದ ದೊಡ್ಡ ಧರ್ಮಸಂಕಟದ ಅರ್ಧ ಪಾಲಿಗೆ ಉತ್ತರ ಆ ಚಿಲಕದಲ್ಲಿತ್ತು. ಹೆಣ್ಣುಮಕ್ಕಳ ಮಾನದ ಬಗ್ಗೆ ನಾವು ಮಾಡುವ ಭಾಷಣಗಳಿಗಿಂತ ಒಂದು ಗಟ್ಟಿ ಚಿಲಕ ಹೆಚ್ಚು ಕೆಲಸ ಮಾಡುತ್ತದೆ.

ಅಲ್ಲಿ, ಐವತ್ನಾಲ್ಕನೆಯ ವಯಸ್ಸಿನಲ್ಲಿ, ನಾನು ಮಗಳ ಕೈ ಹಿಡಿದು ಗುರುತಿನೊಳಗೆ ನೀರಿಗಿಳಿದೆ. ಮೊದಲ ಅಲೆಗೆ ಕಾಲ ಕೆಳಗಿನ ಮರಳು ಜಾರಿತು, "ಅಮ್ಮಾ" ಎಂದು ಕೂಗಿಕೊಂಡೆ. ಎರಡನೆಯದು ಸೊಂಟಕ್ಕೆ ಬಡಿಯಿತು. ಮೂರನೆಯದಕ್ಕೆ ಬಾಯಿಗೆ ಉಪ್ಪುನೀರು ಹೋಯಿತು. ಅದನ್ನು ವರ್ಣಿಸಲು ಹೋಗುವುದಿಲ್ಲ. ದಡಕ್ಕೆ ಬಂದಾಗ ನಾನು ಯಾರ ಟೀಚರೂ ಆಗಿರಲಿಲ್ಲ ಎಂದರೆ ಸಾಕು.

ಮುರ್ಡೇಶ್ವರದಲ್ಲಿ 123 ಅಡಿಯ ಶಿವನನ್ನು ಕತ್ತೆತ್ತಿ ನೋಡಿದೆವು. ಮರಳಿನ ಕಡೆಗೆ ಇಳಿಯಲು ನನಗೆ ಮನಸ್ಸಾಗಲಿಲ್ಲ. ಗುಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೈಮುಗಿದು ಕುಳಿತು ಎದ್ದೆ. ಮಗಳು ಏನೂ ಕೇಳಲಿಲ್ಲ.

ಮರವಂತೆಗೆ ಬರುವಾಗ ಸಂಜೆ ಐದೂವರೆ. ನದಿ ಹಾಗೆಯೇ ಇತ್ತು, ಕಡಲು ಹಾಗೆಯೇ ಇತ್ತು, ರಸ್ತೆ ಮಾತ್ರ ಅಗಲವಾಗಿತ್ತು. ಅಲ್ಲಿ ನೀರಿಗಿಳಿಯುವುದು ಕ್ಷೇಮವಲ್ಲವೆಂದು ತಿಳಿದು ನಾವು ಯಾರೂ ಇಳಿಯಲಿಲ್ಲ, ಗಂಡಸರೂ ಇಳಿಯಲಿಲ್ಲ. ಅಲೆ ಬಂದು ಹೋಗುವ ಅಂಚಿನಲ್ಲಿ ಕಾಲು ನೆನೆಸಿಕೊಂಡು ಬಂದೆವು. ಅತ್ತೆ ಮೊದಲಿನಂತೆಯೇ ಚಪ್ಪಲಿಗಳ ಪಕ್ಕ ಕುಳಿತಿದ್ದರು. ನನಗೆ ಕರುಳು ಚುರುಕ್ಕೆಂದಿತು. ಈ ಜೀವ ಎಷ್ಟು ವರ್ಷದಿಂದ ಹೀಗೆ ಕುಳಿತಿದೆಯೋ! "ಅತ್ತೆ, ಏಳಿ, ನಾನು ಕೈ ಹಿಡ್ಕೋತೀನಿ. ನೀವು ಇನ್ನು ಚಪ್ಪಲಿ ಕಾಯೋದು ಬೇಡ" ಎಂದೆ, ಸ್ವಲ್ಪ ಭಾವುಕಳಾಗಿಯೇ.

ಅತ್ತೆ ನನ್ನ ಮುಖ ನೋಡಿದರು. "ನಾನೆಲ್ಲೇ ಚಪ್ಪಲಿ ಕಾಯ್ತಿದೀನಿ? ಸಮುದ್ರ ನೋಡ್ತಿದೀನಿ. ಆವತ್ತೂ ನೋಡ್ತಿದ್ದೆ. ಚಪ್ಪಲಿ ಕಾಯ್ತಿದ್ದೋಳು ನೀನು" ಎಂದರು.

ನನಗೆ ಮಾತೇ ಹೊರಡಲಿಲ್ಲ. ಒಂದೇ ಜಾಗದಲ್ಲಿ, ಒಂದೇ ಗಂಟೆ, ಇಬ್ಬರು ಹೆಂಗಸರು ಕುಳಿತಿದ್ದೆವು. ಒಬ್ಬಳು ಕಡಲನ್ನು ನೋಡಿದಳು, ಇನ್ನೊಬ್ಬಳು ತನಗೆ ಸಿಗದದ್ದನ್ನು ನೋಡಿದಳು. ಅವರಿಗೆ ನೀರಿನ ಆಸೆ ಇರಲಿಲ್ಲ, ಕೂರುವ ಆಸೆ ಇತ್ತು. ವರ್ಷವಿಡೀ ಒಲೆಯ ಮುಂದೆ ನಿಂತವರಿಗೆ ಒಂದು ಗಂಟೆ ಯಾರೂ ಕರೆಯದೆ ಕುಳಿತಿರುವುದೇ ರಜೆ. ನಾನು ಅವರ ಬಗ್ಗೆ ಮರುಗಿದ್ದು ಕೂಡ, ಅಂದು ಹುಡುಗಿಯರಿಗೆ ಆಜ್ಞೆ ಮಾಡಿದಂತೆಯೇ, ಕೇಳದೆ ತೀರ್ಮಾನಿಸಿದ್ದು. ಬೇಡ ಎಂದು ತಡೆಯುವುದೂ, ಬಾ ಎಂದು ಎಳೆಯುವುದೂ ಎರಡೂ ಒಂದೇ ತಪ್ಪಾಗಬಹುದು. ನಡುವೆ ಒಂದು ಸಣ್ಣ ಕೆಲಸವಿದೆ, ಕೇಳುವುದು. "ನಿನಗೇನು ಬೇಕು?" ಎಂದು. 1995ರಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದೆ ಉಳಿದದ್ದರಲ್ಲಿ ನನ್ನ ಪಾಲೂ ಇತ್ತೆಂದು ಒಪ್ಪಿಕೊಳ್ಳಲು ಮೂವತ್ತು ವರ್ಷ ಬೇಕಾಯಿತು.

ಮಾರನೆಯ ದಿನ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವಾಗ ಅತ್ತೆಯನ್ನು ಕೇಳಿಯೇ ದಡದಲ್ಲಿ ಬಿಟ್ಟೆವು. ಅವರ ಜೊತೆಗೆ ನಮ್ಮ ಮನೆಯವರು ತಾವಾಗಿಯೇ ಉಳಿದರು. ದ್ವೀಪದಲ್ಲಿ ಒತ್ತೊತ್ತಾಗಿ ನಿಂತ ಮೂಲೆಮೂಲೆಯ ಕಲ್ಲುಕಂಬಗಳಿವೆ. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದಲ್ಲಿ, ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಉಕ್ಕಿದ ಲಾವಾ ತಣ್ಣಗಾಗುತ್ತ ಸೀಳಿ ಆದ ಕಂಬಗಳು ಅವು. ಅಷ್ಟು ಹಳೆಯ ಕಲ್ಲಿನ ಮೇಲೆ ಕುಳಿತಾಗ ನನ್ನ ಮೂವತ್ತು ವರ್ಷದ ಕೊರಗು ಬಹಳ ಚಿಕ್ಕದಾಗಿ ಕಂಡಿತು. ಚಿಕ್ಕದೆಂದು ಸುಳ್ಳಲ್ಲ, ಅಷ್ಟೆ.

ಈ ವರ್ಷದ ಪ್ರವಾಸದ ಮಾತು ಶಾಲೆಯಲ್ಲಿ ಬಂದಾಗ ನಾನು ಮೂರು ಷರತ್ತು ಹೇಳಿದೆ. ಜೀವರಕ್ಷಕರೂ ಬಟ್ಟೆ ಬದಲಾಯಿಸುವ ಕೋಣೆಯೂ ಇರುವ ದಂಡೆಗೇ ಹೋಗಬೇಕು. ಕಾವಲಿನವರು ಬೇಡವೆಂದರೆ ಹುಡುಗರಿಗೂ ಹುಡುಗಿಯರಿಗೂ ಬೇಡ, ಸರಿಯೆಂದರೆ ಆಸೆಯಿದ್ದ ಇಬ್ಬರಿಗೂ ಸರಿ. ಚಪ್ಪಲಿ ಕಾಯಲು ಪಾಳಿ. ಸಹೋದ್ಯೋಗಿಗಳು ನಕ್ಕರು. ಒಬ್ಬರು, "ಏನಾದ್ರೂ ಆದ್ರೆ ಯಾರು ಹೊಣೆ ಮೇಡಂ?" ಎಂದರು. ನ್ಯಾಯವಾದ ಪ್ರಶ್ನೆ. ಮೂರು ಷರತ್ತಿನಿಂದ ಕಡಲು ಸಾಧುವಾಗುವುದಿಲ್ಲ. ಹೊಣೆ ನನ್ನದೇ. ಹೊಣೆಯೆಂದರೆ ಮಕ್ಕಳನ್ನು ದೂರ ನಿಲ್ಲಿಸಿ ನನ್ನನ್ನು ನಾನು ಉಳಿಸಿಕೊಳ್ಳುವುದಲ್ಲ, ಅವರ ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ನಿಲ್ಲುವುದು ಎಂದಷ್ಟೇ ನನಗೆ ಗೊತ್ತು.

ನನ್ನನ್ನು ಪ್ರಶ್ನೆ ಕೇಳಿದ ಆ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿ ಹೋದ ಮೇಲೆ ಮತ್ತೆ ಸಿಗಲಿಲ್ಲ. ಈಗ ಅವಳಿಗೆ ಮೂವತ್ತರ ಹತ್ತಿರ. ಮದುವೆಯಾಗಿ, ಮಕ್ಕಳಾಗಿ, ಯಾವ ಊರಿನಲ್ಲಿದ್ದಾಳೋ. ಈ ಬೇಸಿಗೆಯಲ್ಲಿ ಅವಳೂ ಯಾವುದಾದರೂ ದಂಡೆಗೆ ಹೋಗಿರಬಹುದು. ಅವಳ ಮುಂದೆಯೂ ಯಾರೋ ಚಪ್ಪಲಿ ತಂದಿಟ್ಟಿರಬಹುದು. ಸಿಕ್ಕರೆ ಹೇಳುತ್ತೇನೆ: ನಿನ್ನ ಲೆಕ್ಕ ಸರಿಯಾಗಿತ್ತಮ್ಮ, ಹುಡುಗರದ್ದೂ ಜೀವವೇ. ಗದರಿದ್ದು ನನ್ನ ತಪ್ಪು. ಅವರ ಚಪ್ಪಲಿ ಕೆಳಗಿಡು. ಆಮೇಲೆ ನೀರಿಗಿಳಿಯುತ್ತೀಯೋ, ಕುಳಿತು ನೋಡುತ್ತೀಯೋ, ಅದು ನಿನಗೆ ಬಿಟ್ಟದ್ದು.